‘ಐಗೆನ್’ ಎಂಬ ಮಾತು

ಆಮ್‌ಸ್ಟರ್‌ಡ್ಯಾಮಿನಲ್ಲಿ ತಿರುಗಾಡುವವನಿಗೆ ಒಂದು ಶಬ್ದ ಮೇಲಿಂದ ಮೇಲೆ ಎದುರಾಗುತ್ತದೆ: ‘ಐಗೆನ್’. ಡಚ್ಚರು ಅದರ ‘ಗ’ಕಾರವನ್ನು ಗಂಟಲು ಕೆರೆದಂತೆ ಉಚ್ಚರಿಸುತ್ತಾರೆ, ನಮ್ಮ ನಾಲಗೆಗೆ ಅದು ಒಗ್ಗದು. ಅರ್ಥ ‘ಸ್ವಂತ’. ಓಣಿಯ ಬಾಯಲ್ಲಿ ‘ಐಗೆನ್ ವೆಗ್’ ಎಂಬ ಫಲಕವಿದ್ದರೆ ಅದು ಖಾಸಗಿ ದಾರಿ. ‘ಡೊಮ್’ ಪ್ರತ್ಯಯ ಸೇರಿದರೆ ‘ಐಗೆನ್‌ಡೊಮ್’, ಎಂದರೆ ಒಡೆತನ. ತನ್ನ ಬುದ್ಧಿಯೇ ದೊಡ್ಡದೆನ್ನುವ ಹಟಮಾರಿ ‘ಐಗೆನ್‌ವೈಸ್’. ಅಂಥವರು ನಮ್ಮ ಕಛೇರಿಯಲ್ಲಿಯೂ ಇದ್ದಾರೆನ್ನಿ!

ಕಳೆದ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದದ್ದು ತಮ್ಮನನ್ನು ಕಾಣಲು. ಅವ್ವ ಹೇಳಿ ಕಳಿಸಿದ್ದು ಒಂದೇ ಮಾತು: “ಅವನದು ಸ್ವಂತ ಮನಿ ಹೌದೇನು, ಕೇಳಿಕೊಂಡು ಬಾ.” ತಮ್ಮ ನಕ್ಕ. “ಮನಿ ಕೊಂಡೇನಿ ಅಣ್ಣಾ, ನೆಲ ಮಾತ್ರ ನಗರಸಭೆದು.” ಆ ನಗರಸಭೆ 1896ರಿಂದ ತನ್ನ ನೆಲವನ್ನು ಮಾರುವ ಬದಲು ದೀರ್ಘ ಗೇಣಿಗೆ ಕೊಡುತ್ತ ಬಂದಿದೆ. ಆದ್ದರಿಂದಲೇ ಮನೆ ಮಾರಾಟದ ಜಾಹೀರಾತುಗಳಲ್ಲಿ ‘ಐಗೆನ್ ಗ್ರೊಂಡ್’, ಅಂದರೆ ಸ್ವಂತ ನೆಲ, ಎಂದು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಾರೆ. ಮುಂಬಯಿಯ ಪಗಡಿ ಕೋಣೆಗಳಲ್ಲಿ ಸಂಸಾರ ಮಾಡಿದ ನಮ್ಮವರಿಗೆ ಇದೇನೂ ವಿಚಿತ್ರವೆನಿಸದು.

ಇನ್ನೊಂದು ಶಬ್ದ ‘ಬೆಜಿಟ್’, ನಮ್ಮ ‘ಸ್ವಾಧೀನ’. ಮಾತುಕತೆಯಲ್ಲಿ ಜನ ಎರಡನ್ನೂ ಬೆರೆಸುತ್ತಾರೆ. 1992ರಲ್ಲಿ ಜಾರಿಗೆ ಬಂದ ಅವರ ನಾಗರಿಕ ಸಂಹಿತೆ ಬೆರೆಸುವುದಿಲ್ಲ. ವಸ್ತುವೊಂದರ ಮೇಲೆ ಮನುಷ್ಯನಿಗೆ ಇರಬಹುದಾದ ಅತ್ಯಂತ ವ್ಯಾಪಕ ಹಕ್ಕು ಐಗೆನ್‌ಡೊಮ್. ತನಗಾಗಿ ಹಿಡಿದಿಟ್ಟುಕೊಂಡಿರುವುದು ಬೆಜಿಟ್. ಕದ್ದ ಸೈಕಲ್ಲು ಕಳ್ಳನ ಬೆಜಿಟ್, ಆದರೆ ಅದರ ಐಗೆನ್‌ಡೊಮ್ ಕಳಕೊಂಡವನದೇ. ಬಾಡಿಗೆದಾರನದು ಬೆಜಿಟ್ ಕೂಡ ಅಲ್ಲ; ಅವನು ‘ಹೌಡರ್’, ಇನ್ನೊಬ್ಬನ ಪರವಾಗಿ ಹಿಡಿದುಕೊಂಡವನು. ಹೀಗಿದ್ದೂ, ಪರರ ನೆಲವನ್ನು ತನ್ನದೆಂದೇ ಬಹಿರಂಗವಾಗಿ 20 ವರ್ಷ ಅನುಭವಿಸಿದವನು, ದುರ್ಬುದ್ಧಿಯಿಂದಲೇ ಹೊಕ್ಕಿದ್ದರೂ, ಅದರ ಒಡೆಯನಾಗಬಲ್ಲನು.

ತಮ್ಮ ಇಷ್ಟನ್ನು ವಿವರಿಸಿ ಸುಮ್ಮನಾದ. ಇಬ್ಬರಿಗೂ ನೆನಪಾದದ್ದು ಧಾರವಾಡದ ಹತ್ತಿರದ ನಮ್ಮ ಹಳ್ಳಿಯ ಹಿತ್ತಲು. ಉತಾರ ಅಪ್ಪನ ಹೆಸರಿನಲ್ಲಿದೆ; ಬೇಲಿ ನೆರೆಯವರದು. ನಮ್ಮ ದೇಶದಲ್ಲಿ ಇದಕ್ಕೆ ಗಡುವು 12 ವರ್ಷ. 1963ರ ಕಾಯಿದೆ ಹಾಗೆ ಹೇಳುತ್ತದೆ. ಬೇಲಿ ಎದ್ದು 9 ವರ್ಷ ತುಂಬಿವೆ. ದೀಪಾವಳಿಗೆ ತಮ್ಮ ಬರುತ್ತಾನೆ. ಮೊದಲು ಮೋಜಣಿದಾರನನ್ನು ಕರೆಸುವುದು, ನೆರೆಯವರು ಒಪ್ಪದಿದ್ದರೆ ದಾವೆ ಹೂಡುವುದು ಎಂದು ಗೊತ್ತುಮಾಡಿದ್ದೇವೆ.