ಶೇಂಗಾ ಸಿಪ್ಪೆ, ಅಣಬೆ ಮತ್ತು ಅಪ್ಪನ ಗುಳಿಗೆ

ನಮ್ಮ ಚಳ್ಳಕೆರೆಯಲ್ಲಿ ಶೇಂಗಾ ಸಿಪ್ಪೆಗೇನು ಬರ? ಕಾಯಿ ಸುಲಿದ ಮೇಲೆ ಅದು ಒಲೆಗೆ, ಇಲ್ಲವೇ ತಿಪ್ಪೆಗೆ. ಮೊಳಕಾಲ್ಮೂರಿನ ಅತ್ತೆಯ ಮನೆಯಲ್ಲೂ ಅದೇ ಕಥೆ. ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳ ರಾಶಿ. ದಿನವಿಡೀ ಕೋಡ್ ಬರೆಯುವ ನನಗೆ ಇವುಗಳಲ್ಲಿ ಅಣಬೆ ಬೆಳೆಯುವ ಹುಚ್ಚು ಹತ್ತಿತು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಚಿಪ್ಪಣಬೆಯ ಬೀಜ ತಂದೆ. ಸಿಪ್ಪೆ, ಕತ್ತರಿಸಿದ ಕಡ್ಡಿ ಎರಡನ್ನೂ ರಾತ್ರಿಯಿಡೀ ನೆನೆಸಿ, ಕುದಿಸಿ, ನೀರು ಬಸಿದು, ಆರಿದ ಮೇಲೆ ಬೀಜ ಬೆರೆಸಿ ತೂತು ಮಾಡಿದ ಚೀಲಕ್ಕೆ ತುಂಬಿದೆ. ಮನೆಯ ಟೀ ಚರಟವನ್ನು ಮಾತ್ರ ಬೇಯಿಸದೆ ಹಾಗೇ ಸುರಿದಿದ್ದೆ. ನಾಲ್ಕೇ ದಿನಕ್ಕೆ ಹಸಿರು ಬೂಷ್ಟು! ಎರಡನೇ ಸಲ ಅದನ್ನೂ ಕುದಿಸಿದೆ. ಮೂರು ವಾರಕ್ಕೆ ಚೀಲವೆಲ್ಲ ಬೆಳ್ಳಗಾಗಿ, ಆಮೇಲೆ ಗೊಂಚಲು ಗೊಂಚಲು ಅಣಬೆ.

ಖುಷಿಯಲ್ಲಿ "ಅಪ್ಪಾ, ಇದರಲ್ಲಿ ಬೀಟಾ ಗ್ಲೂಕನ್ ಇದೆ, ಶುಗರಿಗೆ ಔಷಧಿ ಇದ್ದ ಹಾಗೆ" ಅಂತ ಕೊಚ್ಚಿಕೊಂಡೆ. ಇಂಜಿನಿಯರ್ ಮಗ ಹೇಳಿದ ಮೇಲೆ ಮುಗೀತಲ್ಲ! ಮುಂದಿನ ಸಲ ಊರಿಗೆ ಹೋದಾಗ ಅಮ್ಮ ಮೆಲ್ಲಗೆ ಅಂದಳು: "ನಿಮ್ಮಪ್ಪ ಗುಳಿಗೆ ನುಂಗೋದು ಬಿಟ್ಟು ತಿಂಗಳಾತು ಕಣಪ್ಪ." ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲೇ 260. ನನ್ನ ಕೈಕಾಲು ತಣ್ಣಗಾದವು.

ನಾನು ಓದಿದ್ದು ಅಣಬೆಯ ಸಾರದಿಂದ ಪ್ರಯೋಗಾಲಯದ ಇಲಿಗಳ ಸಕ್ಕರೆ ಇಳಿದದ್ದನ್ನು. ಸಾರಿಗೆ ಹಾಕಿದ ಅಣಬೆ ಗುಳಿಗೆಗೆ ಬದಲಿ ಅಂತ ಅಲ್ಲಿ ಎಲ್ಲೂ ಇರಲಿಲ್ಲ. ಆ ವ್ಯತ್ಯಾಸ ಹೇಳಬೇಕಾದವನು ನಾನೇ ಆಗಿದ್ದೆ, ಹೇಳಲಿಲ್ಲ.

ಈಗಲೂ ಬೆಳೆಯುತ್ತೇನೆ. ಕೊಯ್ಲಾದ ಚೀಲದ ಸಿಪ್ಪೆ ಕರಿಬೇವಿನ ಬುಡಕ್ಕೆ. ಅಪ್ಪ ಗುಳಿಗೆ ನುಂಗಿಯೇ ಮುದ್ದೆ ಮುರಿಯುತ್ತಾರೆ. "ಔಷಧಿ ಚೆನ್ನಾಗೈತೆ ಕಣೋ" ಅಂತ ರೇಗಿಸಿದರೆ, "ಅದು ಸಾರು ಅಪ್ಪಾ, ಬರೀ ಸಾರು" ಅನ್ನುತ್ತೇನೆ.