ಧಾರವಾಡದ ಹತ್ತಿಗೆ ಸೂರತ್ತಿನ ಹೆಸರು

ಕೊಯಾಲಿಯಿಂದ ವಡೋದರಾ ದಾಟಿ ಭರೂಚಿನ ಕಡೆ ಹೊರಟರೆ ಕಪ್ಪು ಭೂಮಿ ಕಣ್ಣಿಗೆ ಬೀಳುತ್ತದೆ. ಹತ್ತಿ ಒಡೆದ ಕಾಲವಾದರಂತೂ ನಮ್ಮ ಪೈಕಿ ಹುಬ್ಬಳ್ಳಿ, ಗದಗ, ನವಲಗುಂದದ ಕಡೆಯವರು ಕಿಟಕಿ ಬಿಟ್ಟು ಕದಲುವುದಿಲ್ಲ. "ಥೇಟ್ ನಮ್ಮ ಎರಿ ಹೊಲ ನೋಡ್ರಿ" ಎಂಬ ಮಾತು ಬಂದೇ ಬರುತ್ತದೆ. ಈ ಎರಡು ಕಪ್ಪು ನೆಲಗಳನ್ನು ಒಂದು ಕಾಲದಲ್ಲಿ ಒಂದೇ ಹೆಸರಿನಲ್ಲಿ ಕಟ್ಟಿದ್ದುಂಟು. ಆ ಗಂಟು ಬಿಗಿಯಾಗಲು ಕಾರಣವಾದವು ಏಳು ಸಮುದ್ರದಾಚೆ ಅಮೆರಿಕದ ತೀರದಲ್ಲಿ ಕಾವಲು ನಿಂತಿದ್ದ ಮರದ ಹಡಗುಗಳು. ಕೇಳಿದರೆ ಅಜ್ಜಿ ಕಥೆ ಎನ್ನಿಸಬಹುದು. ಆದರೆ ಇದು ಇತಿಹಾಸ.

ಮೊದಲು ಮರದ ಮಾತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುದ್ಧನೌಕೆಯೆಂದರೆ ಹಾಯಿ ಕಟ್ಟಿದ ಮರದ ಕೋಟೆ. ಇಂಗ್ಲೆಂಡಿನವರು ಓಕ್ ಮರದಿಂದ ಕಟ್ಟುತ್ತಿದ್ದರು. ಓಕಿನ ಹುಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ. ನಮ್ಮ ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಮೊಳೆಯೂ ಉಳಿಯುತ್ತದೆ, ಮರವೂ ಬಾಳುತ್ತದೆ. ಸೂರತ್ತಿನ ಹಡಗು ಬಡಗಿ ಲವ್‌ಜಿ ನಸರ್‌ವಾನ್‌ಜಿ ವಾಡಿಯಾ ಅವರು 1736ರಲ್ಲಿ ಮುಂಬಯಿಗೆ ಹೋಗಿ ಅಲ್ಲಿನ ಹಡಗುಕಟ್ಟೆಯಲ್ಲಿ ನೆಲೆ ನಿಂತರು. ಅವರ ವಂಶದವರು ತಲೆತಲಾಂತರ ಅದೇ ಕಸುಬು ಮಾಡಿದರು. ಆ ಕಟ್ಟೆಗೆ ಮಲಬಾರ್ ಮತ್ತು ಕೆನರಾ ಕಾಡುಗಳಿಂದ ತೇಗ ಹೋಗುತ್ತಿತ್ತು. ಗುಜರಾತಿನ ಕೈಯಿಗೂ ನಮ್ಮ ಕಡೆಯ ಮರಕ್ಕೂ ಆಗಲೇ ನೆಂಟಸ್ತಿಕೆ ಕುದುರಿತ್ತೆಂದಾಯಿತು.

ಆ ಕಟ್ಟೆಯಲ್ಲಿ 1813ರಲ್ಲಿ ನೀರಿಗಿಳಿದ 74 ತೋಪುಗಳ 'ಕಾರ್ನ್‌ವಾಲಿಸ್' ಅಮೆರಿಕದವರನ್ನೂ ಎದುರಿಸಿತು. 1815ರ ಏಪ್ರಿಲಿನಲ್ಲಿ, ಗುಡ್‌ಹೋಪ್ ಭೂಶಿರದಾಚೆಯ ದಕ್ಷಿಣ ಸಮುದ್ರದಲ್ಲಿ, 'ಹಾರ್ನೆಟ್' ಎಂಬ ಅಮೆರಿಕದ ಚಿಕ್ಕ ನೌಕೆ ಇದನ್ನು ವ್ಯಾಪಾರದ ಹಡಗೆಂದು ತಿಳಿದು ಬೆನ್ನಟ್ಟಿ ಬಂತು. ಹತ್ತಿರವಾದಾಗ ತೋಪುಗಳ ಸಾಲು ಕಂಡಿತು! ತಿರುಗಿ ಓಡಿದ 'ಹಾರ್ನೆಟ್' ಭಾರ ಇಳಿಸಲು ಲಂಗರು, ದೋಣಿ, ಕೊನೆಗೆ ಒಂದನ್ನು ಬಿಟ್ಟು ಎಲ್ಲ ತೋಪುಗಳನ್ನೂ ಸಮುದ್ರಕ್ಕೆ ಎಸೆದು ಪಾರಾಯಿತು. ಆ ಹೊತ್ತಿಗೆ ಎರಡೂ ದೇಶಗಳ ನಡುವೆ ಸಂಧಿಯಾಗಿತ್ತು. ಸುದ್ದಿ ಮಾತ್ರ ಸಮುದ್ರದ ನಡುವೆ ತಲುಪಿರಲಿಲ್ಲ. ಮುಂದೆ ಇದೇ ಹಡಗಿಗೆ ಉಗಿಯಂತ್ರ ಕೂಡಿಸಿ 1855ರಲ್ಲಿ ರಷ್ಯದ ಮೇಲಿನ ಯುದ್ಧಕ್ಕೆ ಕಳಿಸಿದರು. ಅದನ್ನು ಒಡೆದದ್ದು 1957ರಲ್ಲಿ. ತೇಗದ ಆಯುಸ್ಸು ಅಂಥದು.

ಉಗಿಹಡಗನ್ನು ನಮ್ಮ ಕರಾವಳಿಯವರು 'ಆಗಬೋಟು' ಎಂದರು, ಬೆಂಕಿಯ ದೋಣಿ. ಹೆಸರು ಬಹಳ ಸರಿ. ಆದರೆ ಮೊದಮೊದಲ ಆಗಬೋಟು ಯುದ್ಧಕ್ಕೆ ಒಗ್ಗಲಿಲ್ಲ. ಪಕ್ಕದಲ್ಲಿ ದೊಡ್ಡ ಚಕ್ರಗಳಿದ್ದವು; ಒಂದು ಗುಂಡು ತಗಲಿದರೆ ಚಕ್ರ ಮುರಿದು ಹಡಗು ಕುಂಟುತ್ತಿತ್ತು. ನೀರಿನಡಿ ತಿರುಗುವ ತಿರುಪು ಬಂದ ಮೇಲೆ ಆ ತೊಡಕು ಕಳೆಯಿತು. ಅಮೆರಿಕದವರು 1843ರಲ್ಲೇ ಅಂಥ ಯುದ್ಧನೌಕೆ 'ಪ್ರಿನ್ಸ್‌ಟನ್' ಕಟ್ಟಿದ್ದರು. ಆದರೂ ಹಾಯಿಕಂಬ ಬಿಡಲಿಲ್ಲ. ಕಲ್ಲಿದ್ದಲಿಗೆ ದುಡ್ಡು ಬೇಕು, ಅದನ್ನು ತುಂಬಲು ಬಂದರು ಬೇಕು; ಗಾಳಿ ಎಲ್ಲೆಲ್ಲೂ ಪುಕ್ಕಟೆ.

1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಿತು. ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ರಾಜ್ಯಗಳು ಬೇರೆಯಾಗಲು ಹೊರಟವು. ಅಧ್ಯಕ್ಷ ಲಿಂಕನ್ ಅವರು ದಕ್ಷಿಣದ ಬಂದರುಗಳಿಗೆಲ್ಲ ದಿಗ್ಬಂಧನ ಸಾರಿದರು. ಕಾಯಬೇಕಾದ ತೀರ 3,500 ಮೈಲು. ನೌಕಾಪಡೆಯ ಪಟ್ಟಿಯಲ್ಲಿದ್ದವು ಸುಮಾರು 90 ಹಡಗುಗಳು, ಅವುಗಳಲ್ಲಿ ಕೆಲಸಕ್ಕೆ ಸಿದ್ಧವಿದ್ದವು ಅರ್ಧಕ್ಕಿಂತ ಕಡಿಮೆ. ಸಿಕ್ಕಿದ ವ್ಯಾಪಾರದ ಹಡಗು, ಹೊಳೆ ದಾಟಿಸುವ ದೋಣಿಗಳಿಗೂ ತೋಪು ಏರಿಸಿ ಕಾವಲಿಗೆ ನಿಲ್ಲಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಹಡಗುಗಳು 600 ದಾಟಿದ್ದವು.

ಈ ನಡುವೆ 1862ರ ಮಾರ್ಚ್ 8, ಶನಿವಾರ. ಹ್ಯಾಂಪ್ಟನ್ ರೋಡ್ಸ್ ಎಂಬಲ್ಲಿ ಲಂಗರು ಹಾಕಿದ್ದ ಹಾಯಿಹಡಗುಗಳ ಹಗ್ಗದ ಮೇಲೆ ನಾವಿಕರು ಬಟ್ಟೆ ಒಗೆದು ಒಣಹಾಕಿದ್ದರು. ಮಧ್ಯಾಹ್ನ ದಕ್ಷಿಣದವರ 'ವರ್ಜೀನಿಯ' ಬಂತು. ಸುಟ್ಟುಹೋದ ಹಳೆಯ ಉಗಿಹಡಗಿನ ತಳದ ಮೇಲೆ ಕಬ್ಬಿಣದ ಹೊದಿಕೆ ಹಾಕಿ ಕಟ್ಟಿದ ನೌಕೆ ಅದು. ಮರದ ಹಡಗುಗಳ ಗುಂಡುಗಳು ಅದಕ್ಕೆ ತಗಲಿ ಸಿಡಿದು ಹೋದವು. 'ಕಂಬರ್‌ಲ್ಯಾಂಡ್' ತಿವಿತಕ್ಕೆ ಸಿಕ್ಕಿ ಮುಳುಗಿತು. ಮುಳುಗುವವರೆಗೂ ಅದರ ಜನ ತೋಪು ಹಾರಿಸುವುದನ್ನು ನಿಲ್ಲಿಸಲಿಲ್ಲ. 'ಕಾಂಗ್ರೆಸ್' ಹೊತ್ತಿ ಉರಿಯಿತು. ಮರುದಿನ ಉತ್ತರದವರ ಕಬ್ಬಿಣದ 'ಮಾನಿಟರ್' ಬಂದು ತಾಸುಗಟ್ಟಲೆ ಕಾದಾಡಿತು, ಯಾರೂ ಗೆಲ್ಲಲಿಲ್ಲ. ಆದರೆ ಮರದ ಯುದ್ಧನೌಕೆಯ ದಿನಗಳು ಮುಗಿಯುತ್ತ ಬಂದವೆಂದು ಲೋಕಕ್ಕೆ ತಿಳಿಯಿತು.

ಮುಗಿಯುವ ಮುನ್ನ ಅಂಥದೊಂದು ಹಡಗು ನಮ್ಮ ಸಮುದ್ರಕ್ಕೂ ಬಂದಿತ್ತು. ದಕ್ಷಿಣದವರ 'ಅಲಬಾಮ' ಮರದ್ದೇ. ಹಾಯಿಯೂ ಉಂಟು, ಉಗಿಯೂ ಉಂಟು. ಹಾಯಿ ಬಿಚ್ಚಿದಾಗ ನೀರು ತಡೆಯದಂತೆ ತಿರುಪನ್ನು ಮೇಲೆತ್ತಿಕೊಳ್ಳುತ್ತಿತ್ತು. ಉತ್ತರದವರ ವ್ಯಾಪಾರದ ಹಡಗುಗಳನ್ನು ಹಿಡಿದು ಸುಡುವುದೇ ಅದರ ಕೆಲಸ. 1864ರ ಜನವರಿಯಲ್ಲಿ, ಮುಂಬಯಿಯಿಂದ ಬರ್ಮಾಕ್ಕೆ ಹೊರಟಿದ್ದ 'ಎಮ್ಮಾ ಜೇನ್' ಎಂಬ ಅಮೆರಿಕದ ಹಡಗನ್ನು ಮಲಬಾರ್ ತೀರದಾಚೆ ಸುಟ್ಟು, ಸೆರೆಸಿಕ್ಕವರನ್ನು ತಿರುವನಂತಪುರದ ಸಮೀಪದ ಅಂಚುತೆಂಗಿನಲ್ಲಿ ಇಳಿಸಿ ಹೋಯಿತು. ಅದೇ ವರ್ಷ ಜೂನ್ 19ರಂದು ಫ್ರಾನ್ಸಿನ ಶೆರ್‌ಬೂರ್ ಎದುರು 'ಕಿಯರ್‌ಸಾರ್ಜ್' ಅದನ್ನು ಮುಳುಗಿಸಿತು. ಅದೂ ಮರದ ಹಡಗೇ. ಆದರೆ ಪಕ್ಕಕ್ಕೆ ಕಬ್ಬಿಣದ ಸರಪಣಿ ನೇತುಹಾಕಿಕೊಂಡಿತ್ತು!

ಇನ್ನು ಹತ್ತಿಯ ಮಾತು. ಇಂಗ್ಲೆಂಡಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ್ದು. ದಿಗ್ಬಂಧನದಿಂದ ಅದು ನಿಂತಿತು. ಲ್ಯಾಂಕಷೈರಿನ ಗಿರಣಿಗಳು ಮುಚ್ಚಿ ಲಕ್ಷಾಂತರ ಕೆಲಸಗಾರರು ಹಸಿದರು. ವ್ಯಾಪಾರಿಗಳ ಕಣ್ಣು ನಮ್ಮ ಎರಿ ಹೊಲದ ಮೇಲೆ ಬಿತ್ತು. ಧಾರವಾಡದಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸಿನ ಬೀಜ ಬೇರೂರಿತ್ತು. ಭರೂಚಿನಲ್ಲಿ ಅದೇ ಪ್ರಯತ್ನ ಕೈಗೂಡಿರಲಿಲ್ಲ. ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟವಿಳಿದು ಕುಮಟೆಗೆ, ಅಲ್ಲಿಂದ ಪತ್ತೇಮಾರಿಯಲ್ಲಿ ಮುಂಬಯಿಗೆ, ಮತ್ತೆ ಹಾಯಿಹಡಗಿನಲ್ಲಿ ಆಫ್ರಿಕ ಸುತ್ತಿ ಲಿವರ್‌ಪೂಲಿಗೆ ಹೋಗುತ್ತಿತ್ತು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಈ ಹತ್ತಿಗಾಗಿ ಕಾರವಾರ ಬಂದರನ್ನು ಬೆಳೆಸಬೇಕೆಂದೇ 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಮ್ಮ ಜಿಲ್ಲೆಗಳ ಗಡಿಯನ್ನೂ ಆ ಕಾವಲಿನ ಹಡಗುಗಳು ಕದಲಿಸಿದವು!

ಲಿವರ್‌ಪೂಲಿನ ದಲ್ಲಾಳಿಗಳು ಪಶ್ಚಿಮ ಭಾರತದ ಹತ್ತಿಗೆಲ್ಲ ಇಟ್ಟ ಹೆಸರು ಒಂದೇ: 'ಸೂರತ್'. ಭರೂಚ್, ಧೋಲೇರಾ, ಕುಮಟೆ, ಧಾರವಾಡ ಎಲ್ಲ ಅದರೊಳಗಿನ ಒಳಜಾತಿಗಳು. ಬೆಲೆ ಏರಿದಂತೆ ನಡುವಿನವರು ಕಸ, ಬೀಜ, ನೀರು ಸೇರಿಸಿ ತೂಕ ಹೆಚ್ಚಿಸಿದರು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸಕ್ಕೆಂದೇ ಕಾಯಿದೆ ಮಾಡಬೇಕಾಯಿತು. ನೂಲುವವರ ಬಾಯಲ್ಲಿ 'ಸೂರತ್' ಎಂದರೆ ಕಳಪೆ ಎಂದೇ ಅರ್ಥವಾಯಿತು. ಬಿಸಿಲಲ್ಲಿ ಬೆನ್ನು ಬಗ್ಗಿಸಿ ಬಿಡಿಸಿದ ರೈತನ ಊರ ಹೆಸರು ದಾರಿಯಲ್ಲೇ ಕಳೆದುಹೋಯಿತು. ಬೇರೆಯವರು ಬೆರೆಸಿದ ಕಸದ ಅಪಕೀರ್ತಿ ಮಾತ್ರ ಅವನ ಪಾಲಿಗೂ ಬಂತು.

1865ರ ಏಪ್ರಿಲಿನಲ್ಲಿ ಅತ್ತ ದಕ್ಷಿಣದ ಸೇನಾಪತಿ ಲೀ ಶರಣಾದ. ಇತ್ತ ಮುಂಬಯಿಯ ಪೇಟೆ ಕುಸಿಯಿತು. ಸೂರತ್ತಿನಲ್ಲಿ ಹುಟ್ಟಿ ಆ ಪೇಟೆಯ ದೊರೆಯೆನಿಸಿದ್ದ ಪ್ರೇಮ್‌ಚಂದ್ ರಾಯ್‌ಚಂದ್ ಅವರೇ ಮುಗ್ಗರಿಸಿದರು. ಹತ್ತಿಯ ಕಾಲದಲ್ಲಿ ಗಾಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಬಡಿಸಿದವರ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಬೆಳ್ಳಿ ಎಲ್ಲಿ ಹೋಯಿತೆಂದು ಕೇಳಿದರೆ, "ಸಾವಕಾರನ ಮನಿಗೆ ಹೋತು" ಎಂದು ಮಾತು ಮುಗಿಸುತ್ತಿದ್ದರು. ನಾಲ್ಕು ವರ್ಷದ ಸುಗ್ಗಿ, ತಲೆಮಾರಿನ ಸಾಲ! ಆದರೂ ಅದೇ ಯುದ್ಧ ಕೊನೆಗೆ ಲಕ್ಷಾಂತರ ಗುಲಾಮರ ಸಂಕೋಲೆ ಕಡಿಯಿತೆಂಬುದನ್ನು ಮರೆಯಬಾರದು. ಅವರ ಬಿಡುಗಡೆಯ ಕಾಲವೇ ನಮ್ಮ ರೈತರ ಸುಗ್ಗಿಯೂ ಸಂಕಟವೂ ಆಯಿತು.

ಇಲ್ಲಿ ನಾವೂ ಹೆಸರು ಬದಲಾದ ಸರಕೇ. ಬೀದರಿನವರಾಗಲಿ, ಕಾಸರಗೋಡಿನವರಾಗಲಿ, ಮೈಸೂರಿನವರಾಗಲಿ, ತರಕಾರಿ ಮಾರುವ ಭಾಯಿಗೆ ಎಲ್ಲರೂ 'ಮದ್ರಾಸಿ'. ಅದರಲ್ಲಿ ಕೆಡುಕಿಲ್ಲ, ದೂರದಿಂದ ನೋಡುವವರಿಗೆ ಎಲ್ಲ ಒಂದೇ ಗಂಟಾಗಿ ಕಾಣುತ್ತದೆ. ನಾವು ಕೂಡ ಕಾಠಿಯಾವಾಡದವರನ್ನೂ ಸೂರತ್ತಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲವೇ? ಆದರೆ ಗಂಟಿನೊಳಗಿರುವವರು ತಮ್ಮ ಊರನ್ನು ಮರೆಯಬಾರದಷ್ಟೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಮಾತು ಹಾಗೂ ಹೀಗೂ ಬರುತ್ತದೆ. ಊರಿನ ಕಥೆ ಬರುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಹತ್ತಿ ಬಿಡಿಸಿದ, ಗಾಡಿ ಹೊಡೆದ, ಕುಮಟೆಯಲ್ಲಿ ಗಂಟು ಹೊತ್ತ ಹಿರಿಯರ ಮಾತುಗಳನ್ನು ಕೇಳಿ ನೆನಪಿಟ್ಟವರು ಇನ್ನೂ ಇದ್ದಾರೆ. ಅಂಥವರು ಬಾಯಿಬಿಟ್ಟು ಹೇಳಲಿ, ಕಿರಿಯರು ಬರೆದುಕೊಳ್ಳಲಿ.