ಡ್ರೈವರ್ ಸೀಟು, ಕಂಡಕ್ಟರ್ ಕಾಲು

ನಮ್ಮೂರ ಕಡೆ ಒಳ್ಳೆಯ ಕೆಲಸ ಅಂದರೆ ನೆರಳಲ್ಲಿ ಕೂತು ಮಾಡುವ ಕೆಲಸ. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ಕಾಯಿ ಹೊತ್ತು ಅಟ್ಟಕ್ಕೆ ಏರಿಸಿ, ಕೊಬ್ಬರಿಯಾದ ಮೇಲೆ ಸುಲಿದು, ಒಡೆದು, ಚೀಲ ತುಂಬಿ ಮಾರುಕಟ್ಟೆಗೆ ಸಾಗಿಸುವಷ್ಟರಲ್ಲಿ ಅಪ್ಪನ ಸೊಂಟ ಹಿಡಿದುಕೊಳ್ಳುತ್ತಿತ್ತು. ‘ಬಿಸಿಲಲ್ಲಿ ಬೇಯೋದು ನಮ್ಮ ತಲೆಗೇ ಸಾಕಪ್ಪ, ನೀನು ಫ್ಯಾನ್ ಕೆಳಗೆ ಕೂತ್ಕೊಂಡು ಕೆಲ್ಸ ಮಾಡೋನಾಗು’ ಎಂದು ಅಮ್ಮ ಹೇಳುತ್ತಲೇ ಇರುತ್ತಿದ್ದರು. ಹರಕೆ ಫಲಿಸಿತು. ಎಂಟೆಕ್ ಮುಗಿಸಿ, ಬೆಂಗಳೂರು, ಪುಣೆ ದಾಟಿ, ಈಗ ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶದ ಮೂರನೇ ಹಂತದಲ್ಲಿ, ನಾಲ್ಕನೇ ಮಹಡಿಯ ಏಸಿಯ ಕೆಳಗೆ ದಿನಕ್ಕೆ ಒಂಬತ್ತು ಗಂಟೆ ಕೂರುತ್ತೇನೆ. ನಲವತ್ನಾಲ್ಕನೇ ವಯಸ್ಸಿಗೆ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೇವೆ ಎಂದರ್ಥ.

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎನ್ನುವ ಗಾದೆ ಸೋಮಾರಿಗಳಿಗೆ ಹೇಳಿದ್ದು. ಕೂತೇ ದುಡಿಯುವವರ ಬಗ್ಗೆ ಗಾದೆ ಕಟ್ಟುವ ಪ್ರಮೇಯ ನಮ್ಮ ಹಿರಿಯರಿಗೆ ಬಂದಿರಲಾರದು. ಆ ಕೆಲಸವನ್ನು ಒಬ್ಬ ಬ್ರಿಟಿಷ್ ವೈದ್ಯರು ಮಾಡಿದರು. ಜೆರ್ರಿ ಮಾರಿಸ್ ಎಂದು ಅವರ ಹೆಸರು. ಲಂಡನ್ ಸಾರಿಗೆಯ ಸುಮಾರು 31,000 ನೌಕರರ ದಾಖಲೆ ನೋಡಿ ಅವರ ತಂಡ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವಿಷಯ ಪ್ರಕಟಿಸಿತು: ಡಬಲ್ ಡೆಕ್ಕರ್ ಬಸ್ಸಿನ ಡ್ರೈವರುಗಳಿಗಿಂತ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಸಾಯುವವರೂ ಕಡಿಮೆ.

ಒಂದೇ ಸಂಸ್ಥೆ, ಒಂದೇ ಬಸ್ಸು, ಒಂದೇ ರಸ್ತೆ. ಒಬ್ಬ ಇಡೀ ದಿನ ಸ್ಟೀರಿಂಗ್ ಹಿಡಿದು ಕೂತವನು, ಇನ್ನೊಬ್ಬ ಟಿಕೆಟ್ ಕೊಡಲು ಮೇಲಕ್ಕೂ ಕೆಳಕ್ಕೂ ಮೆಟ್ಟಿಲು ಹತ್ತಿ ಇಳಿದವನು. ಇಷ್ಟರಿಂದಲೇ ಎಲ್ಲವೂ ಇತ್ಯರ್ಥವಾಗಲಿಲ್ಲ ಅನ್ನಿ. ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೇನೋ ಎಂಬ ಅನುಮಾನ ಇತ್ತು. ಮಾರಿಸ್ ಸಮವಸ್ತ್ರ ಹೊಲಿಸಿದ ಲೆಕ್ಕಪುಸ್ತಕ ತೆಗೆದು ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಡ್ರೈವರುಗಳ ಸೊಂಟವೇ ದೊಡ್ಡದು ಎಂದು 1956ರಲ್ಲಿ ಅವರೇ ಬರೆದರು. ಆದರೂ ಅವರ ಮೂಲ ಮಾತು ಮುಂದಿನ ಅಧ್ಯಯನಗಳಲ್ಲಿ ಗಟ್ಟಿಯಾಗುತ್ತಲೇ ಹೋಯಿತು. 1910ರಲ್ಲಿ ಹುಟ್ಟಿದ ಮಾರಿಸ್ 2009ರವರೆಗೆ ಬದುಕಿದ್ದರು.

ಪ್ರಾಜೆಕ್ಟ್ ಮ್ಯಾನೇಜರನಾಗಿ ನನಗೆ ಇದರಲ್ಲಿ ಕಾಣುವುದು ಇನ್ನೊಂದು ಸಂಗತಿ. ಆ ಕಂಡಕ್ಟರ್ ಜಿಮ್ಮಿಗೆ ಹೋಗಲಿಲ್ಲ, ಸಂಕಲ್ಪ ಮಾಡಲಿಲ್ಲ. ಅವನ ಕೆಲಸವೇ ಅವನನ್ನು ಮೆಟ್ಟಿಲು ಹತ್ತಿಸಿತು. ನಮಗೆಲ್ಲ ಬರುವ ಉಪದೇಶ ಮಾತ್ರ ಮನೋಬಲದ್ದು: ಬೇಗ ಏಳಿ, ವಾಕ್ ಮಾಡಿ, ಸಿಹಿ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ, ಎರಡು ದಿನ ಸ್ನಾಯುಗಳಿಗೆ ಕಸರತ್ತು ಬೇಕು. ಆದರೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2016ರಲ್ಲಿ ಬಂದ ಅಧ್ಯಯನದ ಪ್ರಕಾರ, ದಿನಕ್ಕೆ ಎಂಟು ಗಂಟೆ ಕೂರುವುದರಿಂದ ಹೆಚ್ಚುವ ಸಾವಿನ ಅಪಾಯ ಪೂರ್ತಿ ಅಳಿಯಲು ದಿನವೂ 60ರಿಂದ 75 ನಿಮಿಷ ಬೇಕು. ರಾತ್ರಿ ಹತ್ತಕ್ಕೆ ಅಮೆರಿಕದ ಕಾಲ್ ಇರುವವರು ಅದನ್ನು ಎಲ್ಲಿಂದ ತರುತ್ತಾರೆ?

ದೆಹಲಿಯಲ್ಲಿ ಇದು ಇನ್ನೂ ಕಷ್ಟ. ಮೇ, ಜೂನಿನಲ್ಲಿ 45 ಡಿಗ್ರಿಯ ಬಿಸಿಗಾಳಿ. ನವೆಂಬರಿನಿಂದ ಜನವರಿಯವರೆಗೆ ಹೊಗೆ. ಗಾಳಿಯ ಸೂಚ್ಯಂಕ 400 ದಾಟಿದ ದಿನ ಬೆಳಗಿನ ಓಟ ಆರೋಗ್ಯಕ್ಕೇ ಕೇಡು. ನಮ್ಮ ಮೈಸೂರು, ಹಾಸನದ ಹವೆಯಲ್ಲಿ ಬೆಳೆದವರಿಗೆ ಇಲ್ಲಿ ಮನಸಾರೆ ನಡೆಯಲು ಸಿಗುವ ತಿಂಗಳುಗಳನ್ನು ಒಂದೇ ಕೈಯಲ್ಲಿ ಎಣಿಸಬಹುದು. ಹಾಗಾಗಿ ನಾನು ಚಲನೆಯನ್ನು ದಿನದ ಕೆಲಸದೊಳಗೇ ಹುಡುಕುತ್ತೇನೆ. ಓಖ್ಲಾ ಎನ್‌ಎಸ್‌ಐಸಿ ಮೆಟ್ರೋ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು. ಹೊಗೆ ಇಲ್ಲದ ದಿನ ಈ-ರಿಕ್ಷಾ ಬಿಟ್ಟು ನಡಿಗೆ. ಆಫೀಸಿನಲ್ಲಿ ನಾಲ್ಕು ಮಹಡಿ, ಲಿಫ್ಟ್ ಇಲ್ಲದೆ. ಮನೆಯಲ್ಲಿ ರಾತ್ರಿ ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ. ಕೈ ಊರದೆ ಏಳುವುದೂ ಒಂದು ಕಸರತ್ತೇ. ವಾರಕ್ಕೆರಡು ದಿನ ಬಸ್ಕಿ. ಶಾಲೆಯಲ್ಲಿ ಶಿಕ್ಷೆಯಾಗಿದ್ದದ್ದು ಈಗ ಔಷಧಿ.

ಆದರೆ ಇದೆಲ್ಲ ನನ್ನೊಬ್ಬನ ಕಥೆ. ನನ್ನ ತಂಡದಲ್ಲಿ ಹನ್ನೆರಡು ಜನ. ಅವರಲ್ಲಿ ಇಪ್ಪತ್ತೊಂಬತ್ತರ ಹುಡುಗನೊಬ್ಬ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದ. ಅವನ ದಿನದ ಪಟ್ಟಿ ತೆಗೆದು ನೋಡಿದೆ: ಹನ್ನೊಂದರಿಂದ ಎರಡೂವರೆಯವರೆಗೆ ಒಂದರ ಬೆನ್ನಿಗೊಂದು ಮೀಟಿಂಗು. ನೀರು ಕುಡಿಯಲು ಏಳುವಷ್ಟೂ ಸಂದಿಯಿಲ್ಲ. ಇಂಥವನಿಗೆ ‘ಸ್ವಲ್ಪ ಓಡಾಡಪ್ಪ’ ಎನ್ನುವುದು, ಡ್ರೈವರಿಗೆ ಬಸ್ಸು ಓಡುವಾಗ ಮೆಟ್ಟಿಲು ಹತ್ತು ಅಂದ ಹಾಗೆ.

ಈಗ ನಮ್ಮಲ್ಲಿ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದು 50ಕ್ಕೆ ಮುಗಿಯುತ್ತದೆ. ಬೆಳಗಿನ ಸ್ಟ್ಯಾಂಡಪ್ಪನ್ನು ನಿಂತೇ ಮಾಡುತ್ತೇವೆ; ಹೆಸರೇ ಅದಲ್ಲವೇ? ನಿಲ್ಲಲಾಗದವರು ಕೂರಬಹುದು, ಯಾರೂ ಕೇಳುವುದಿಲ್ಲ. ಇಬ್ಬರೇ ಮಾತಾಡುವುದಿದ್ದರೆ ಕಾರಿಡಾರಿನಲ್ಲಿ ನಡೆಯುತ್ತಾ ಮಾತು. ರಿಲೀಸ್ ವಾರದಲ್ಲಿ ಈ ನಿಯಮಗಳೆಲ್ಲ ಮುರಿಯುತ್ತವೆ, ಮುಂದಿನ ಸೋಮವಾರ ಮತ್ತೆ ಹಚ್ಚುತ್ತೇವೆ. ಹುಡುಗನ ಬೆನ್ನಿಗೆ ಚಿಕಿತ್ಸೆ ಕೊಟ್ಟವರು ಫಿಸಿಯೋಥೆರಪಿಯವರು. ಅವರು ಹೇಳಿಕೊಟ್ಟದ್ದನ್ನು ಮಾಡಲು ಅವನಿಗೆ ಬಿಡುವು ಸಿಕ್ಕಿತು, ಅಷ್ಟೇ ನಮ್ಮ ಪಾಲು. ಆರು ತಿಂಗಳ ನಂತರ ನನ್ನ ಸಂಖ್ಯೆ 5.9. ಹೊಸ್ತಿಲು ಇನ್ನೂ ದಾಟಿಲ್ಲ, ಅತ್ತಲೂ ಇತ್ತಲೂ.

ನಮ್ಮ ಬೀದಿಯಲ್ಲೇ ಸಿದ್ಧ ಉಡುಪಿನ ಘಟಕಗಳಿವೆ. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರದೂ ನಮ್ಮಷ್ಟೇ ಗಂಟೆ. ತುಂಡಿನ ಲೆಕ್ಕದಲ್ಲಿ ದುಡಿಯುವವರು ಎದ್ದರೆ ಕೂಲಿಗೇ ಕತ್ತರಿ. ಎದುರಿನ ಗೋದಾಮಿನ ಹಮಾಲರು ಇಡೀ ದಿನ ಓಡಾಡುತ್ತಾರೆ, ಅದನ್ನು ಯಾರೂ ಫಿಟ್‌ನೆಸ್ ಅನ್ನುವುದಿಲ್ಲ. ಅಪ್ಪನ ಸೊಂಟ ಕಂಡವನು ನಾನಂತೂ ಅನ್ನಲಾರೆ. ಯಾವಾಗ ಕೂರಬೇಕು, ಯಾವಾಗ ಏಳಬೇಕು ಎನ್ನುವುದು ತಮ್ಮ ಕೈಯಲ್ಲಿರುವವರು ಈ ಓಖ್ಲಾದಲ್ಲಿ ಬಹಳ ಕಡಿಮೆ.

ನಮ್ಮಲ್ಲಿ ಕೆಲವರಿಗೆ ಅದು ಒಂದಿಷ್ಟಾದರೂ ಇದೆ. ನಿಮಗೆ ಮೀಟಿಂಗ್ ಕರೆಯುವ ಅಧಿಕಾರವಿದ್ದರೆ, ಮುಂದಿನದನ್ನು ಐದು ನಿಮಿಷ ಮೊದಲೇ ಮುಗಿಸಿ. ಕರೆಯುವವರಲ್ಲ, ಹೋಗುವವರಾಗಿದ್ದರೆ, ಕ್ಯಾಮೆರಾ ಆಫ್ ಮಾಡಿ ಎದ್ದು ನಿಲ್ಲಿ.